ಓಟು ಅಂದರೆ ಓಟ

ಚಳ್ಳಕೆರೆಯ ಕಂಬಳಿಯೊಳಗೆ ಮಳೆ ಇಳಿಯದು. ನಮ್ಮವ್ವ ನೂತ ಉಣ್ಣೆಯದಾದರಂತೂ ಕೇಳುವುದೇ ಬೇಡ. ನಾನು ಚಿಕ್ಕವಳಿದ್ದಾಗ, ಬ್ರಿಟಿಷರ ದಂಡಿಗೆ ಕಂಬಳಿ ಒದಗಿಸುವ ಸಾಹುಕಾರರೊಬ್ಬರು ನಮ್ಮ ಜಗಲಿಯಲ್ಲಿ ಕೂತು ಹೇಳಿದರು:

"ವಿಲಾಯಿತೀಲಿ ಓಟು ಐತೆ ಕಣವ್ವ. ಗೆಲ್ಲಾಕೆ ಅಲ್ಲಿನ ಮಂತ್ರಿಗಳು ನಮ್ಮ ಗಡಿಯಾಚೆ ಪರದೇಶದ ಮ್ಯಾಲೆ ದಂಡು ಕಳಿಸ್ತಾರೆ. ಕಂಬಳಿ ಜಾಸ್ತಿ ಬೇಕು."

ಓಟು ಎಂಬ ಮಾತನ್ನೇ ಕೇಳದ ಅವ್ವ ಅದನ್ನು ಓಟದ ಪಂದ್ಯ ಅಂದುಕೊಂಡಳು.

"ಓಡೋರು ಅವರೂರಾಗೇ ಓಡ್ಲಿ ಬಿಡ್ರಿ. ಅದಕ್ಕೆ ಇನ್ನೊಬ್ಬರ ಹೊಲ ಯಾಕೆ ತುಳೀಬೇಕು?"

ಸಾಹುಕಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವ್ವ ನೂಲುವುದನ್ನು ನಿಲ್ಲಿಸಿ, ಉತ್ತರಕ್ಕೆ ಕಾದಳು. ಅವರು ಕಂಬಳಿ ಎಣಿಸತೊಡಗಿದರು.

ಈಗ ಮುದುಕಿಯಾದ ನನಗೂ ಓಟಿನ ಹಕ್ಕು ಬಂದಿದೆ. ಓಟು ಕೇಳಲು ಬಂದವರು ಪರದೇಶದ ಮೇಲೆ ಗುಡುಗಿದರೆ, "ಯಾರ ಹೊಲ ತುಳೀತೀರಿ?" ಎನ್ನುತ್ತೇನೆ. ನಾನು ಆ ಅವ್ವನ ಮಗಳು.