ಮೇಷ್ಟ್ರ ತೋಳಿಗೆ ಕಟ್ಟಿದ ಪಟ್ಟಿ

ಹೃದಯದ ಪಾಠ ಬಂತೆಂದರೆ ನಮ್ಮ ಜೀವಶಾಸ್ತ್ರದ ಮೇಷ್ಟ್ರು ರಕ್ತದೊತ್ತಡ ಅಳೆಯುವ ಯಂತ್ರ ತಂದು, ಅದರ ಪಟ್ಟಿಯನ್ನು ತಮ್ಮ ತೋಳಿಗೇ ಕಟ್ಟಿಸಿಕೊಳ್ಳುತ್ತಿದ್ದರು. ಅಳೆಯುವ ಮೊದಲೇ ಬೋರ್ಡಿನ ಮೇಲೆ 'ನೂರಿಪ್ಪತ್ತು, ಎಂಬತ್ತು' ಎಂದು ಬರೆದುಬಿಡುವುದು ಅವರ ರೂಢಿ. ತಮ್ಮ ಮೈಯ ಮೇಲೆ ಅಷ್ಟು ನಂಬಿಕೆ. ಉಪ್ಪು, ಹೊಗೆ, ಕೂತಲ್ಲೇ ಕೂರುವ ಬದುಕು ಹೃದಯವನ್ನು ಹೇಗೆ ತಿನ್ನುತ್ತವೆಂದು ವಿವರಿಸುವುದರಲ್ಲಿ ಎತ್ತಿದ ಕೈ. ಆಗೆಲ್ಲ ಅವರ ಅಂಗಿಯ ಜೇಬಿನಿಂದ ಸಿಗರೇಟು ಪ್ಯಾಕು ಇಣುಕುತ್ತಿತ್ತು. ನಾವು ಮುಸಿಮುಸಿ ನಗುತ್ತಿದ್ದೆವು.

ನಾವು ಕೊನೆಯ ತರಗತಿಯಲ್ಲಿದ್ದ ವರ್ಷ, ಪಟ್ಟಿಗೆ ಗಾಳಿ ಒತ್ತಿದ ಹುಡುಗಿ ಮೆಲ್ಲಗೆ ಹೇಳಿದಳು, "ಸರ್, ನೂರಾ ತೊಂಬತ್ತು ಬರ್ತಿದೆ."

"ನಿಂಗೆ ನೋಡೋಕೇ ಬರಲ್ಲ. ಇನ್ಯಾರಾದ್ರೂ ಬನ್ನಿ."

ನಾನು ಹೋದೆ. ನನಗೂ ಅಷ್ಟೇ ಬಂತು.

"ಮಿಷನ್ನೇ ಕೆಟ್ಟಿದೆ," ಎಂದು ಸಿಡುಕಿದರು. ಕೋಪ ಅವರಿಗೆ ಮೂಗಿನ ತುದಿಯಲ್ಲೇ. ಮಿಷನ್ ಕೆಟ್ಟಿರುವುದನ್ನು ಸಾಬೀತು ಮಾಡಲು ಪಟ್ಟಿ ಬಿಚ್ಚಿ ನನ್ನ ತೋಳಿಗೆ ಕಟ್ಟಿ, ತಾವೇ ಗಾಳಿ ಒತ್ತಿ, ಸ್ಟೆತಾಸ್ಕೋಪಿಗೆ ಕಿವಿಗೊಟ್ಟರು. ಹಣೆಯ ಬೆವರು ನನ್ನ ಕೈಮೇಲೆ ತೊಟ್ಟಿಕ್ಕಿತು. ಇನ್ನೊಮ್ಮೆ ಒತ್ತಿ ನೋಡಿದರು.

"ನಂದೆಷ್ಟು ಸರ್?"

ಮೇಷ್ಟ್ರು ಕತ್ತೆತ್ತದೆ ಹೇಳಿದರು, "ಬೋರ್ಡ್ ಮೇಲೆ ಬರೆದಿದ್ದೀನಲ್ಲ, ಅಷ್ಟೇ."

ಯಾರೂ ನಗಲಿಲ್ಲ.