ಆಪರೇಷನ್ನಿಗೆ ಮುಂಚಿನ ಭಾನುವಾರ

ಭಾವನ ನಾಲಿಗೆಯ ಆಪರೇಷನ್ ಬುಧವಾರಕ್ಕೆ ಗೊತ್ತಾಗಿತ್ತು. ಅರ್ಧಕ್ಕಿಂತ ಹೆಚ್ಚು ತೆಗೆಯಬೇಕಾಗುತ್ತದೆ, ಆಮೇಲೆ ಬಾಯಲ್ಲಿ ಊಟ ಮಾಡುವುದು ಅನುಮಾನ ಎಂದು ಡಾಕ್ಟರು ಮುಚ್ಚಿಡದೆ ಹೇಳಿದ್ದರು. ವಿಜಯನಗರದ ಮನೆಗೆ ವಾಪಸಾದ ಸಂಜೆ ಭಾವ ನನ್ನನ್ನು ಟೆರೇಸಿಗೆ ಕರೆದರು.

"ಭಾನುವಾರ ಕೆಂಗೇರಿಗೆ ಕರ್ಕೊಂಡು ಹೋಗ್ತೀಯೇನೋ? ಕೆರೆ ಪಕ್ಕದ ಹೋಟ್ಲಿಗೆ. ನಿಮ್ಮಕ್ಕಂಗೆ ಹೇಳ್ಬೇಡ." ಮಾತು ಆಗಲೇ ತೊದಲುತ್ತಿತ್ತು.

ನಮ್ಮದು ಲಿಂಗಾಯತರ ಮನೆ. ಮೊಟ್ಟೆ ಹಾಕಿದ ಕೇಕು ಕೂಡ ಒಳಗೆ ಬರುವುದಿಲ್ಲ. ಆದರೆ ಭಾವ ಆಫೀಸಿನ ಗೆಳೆಯರ ಜೊತೆ ವರ್ಷಗಟ್ಟಲೆ ಆ ಹೋಟೆಲಿಗೆ ಹೋಗಿ ಬರುತ್ತಿದ್ದುದು ನನಗೆ ಗೊತ್ತಿತ್ತು. ಅಕ್ಕನಿಗೆ ಗೊತ್ತಿಲ್ಲವೆಂದು ನಾವಿಬ್ಬರೂ ನಂಬಿದ್ದೆವು.

ಭಾನುವಾರ ಕಾರಿನ ಹತ್ತಿರ ಹೋದರೆ ಅಕ್ಕ ಹಿಂದಿನ ಸೀಟಿನಲ್ಲಿ ಕೂತಿದ್ದಳು.

"ನೀನು ಬರೋ ಜಾಗ ಅಲ್ಲ ಕಣೇ ಅದು," ಎಂದರು ಭಾವ.

"ಇಷ್ಟು ವರ್ಷ ನಿಮ್ಮ ಅಂಗಿ ಒಗೆದಿರೋಳು ನಾನು. ನಂಗೇನು ಮೂಗಿಲ್ವಾ?"

ಭಾವ ಮುಂದಿನ ಸೀಟಿಗೆ ಹತ್ತಿದರು, ನಾನು ಕಾರು ಹೊರಡಿಸಿದೆ.

ಆ ಹೋಟೆಲು ಬ್ರಿಟಿಷರ ಕಾಲದ ಬಂಗಲೆ. ಮೈಸೂರಿಗೆ ಹೋಗುವವರು ಗಾಡಿ ಬಿಚ್ಚಿ ತಂಗುತ್ತಿದ್ದರಂತೆ. ಈಗ ಕೆಳಗೆ ಬಾರು, ಮೇಲೆ ನಾಲ್ಕು ರೂಮು, ಹಿಂದೆ ಕೆರೆಗೆ ಮುಖ ಮಾಡಿದ ವರಾಂಡ. ಕೆರೆಯಿಂದ ಚರಂಡಿಯ ವಾಸನೆ ಬರುತ್ತಿತ್ತು. ಭಾನುವಾರ ಮಧ್ಯಾಹ್ನ ಇಡೀ ಕುರಿ ತೊಡೆ ಸುಟ್ಟು, ಮರದ ಹಲಗೆಯ ಮೇಲಿಟ್ಟು, ಗಿರಾಕಿಯ ಕಣ್ಣೆದುರೇ ಕೊಯ್ದು ಬಡಿಸುವುದು ಅಲ್ಲಿನ ಹಳೆಯ ಪದ್ಧತಿ.

ಕೊಯ್ಯುವ ಮುದುಕ ಭಾವನ ಗುರುತು ಹಿಡಿದ. "ಎಷ್ಟು ದಿನ ಆಯ್ತು ಸಾರ್! ಮೂಳೆ ಪಕ್ಕದ್ದೇ ಹಾಕ್ಲಾ?"

ಭಾವ ನನ್ನ ಕಡೆ ನೋಡಿದರು. "ಅವರಿಗೆ ಅಗಿಯೋಕಾಗಲ್ಲ," ಎಂದೆ. ಮುದುಕ ಊದಿದ ಕೆನ್ನೆ ನೋಡಿದ. ಎಳೆಎಳೆಯಾಗಿ ಕೊಯ್ದು, ಅದನ್ನು ಮತ್ತೆ ಸಣ್ಣಗೆ ಕೊಚ್ಚಿ ತಂದಿಟ್ಟ.

ಮೊದಲ ತುತ್ತಿಗೇ ಮೆಣಸಿನ ಖಾರ ನಾಲಿಗೆಯ ಹುಣ್ಣಿಗೆ ತಾಗಿ ಭಾವನ ಕಣ್ಣಲ್ಲಿ ನೀರು ಬಂತು. ತಟ್ಟೆ ದೂರ ತಳ್ಳಿ, "ಆಗ್ತಿಲ್ಲ ಕಣೇ," ಎಂದರು.

ಅಕ್ಕ ತಟ್ಟೆ ಎಳೆದುಕೊಂಡಳು. ಲೋಟದ ಬಿಸಿನೀರಲ್ಲಿ ಮಾಂಸ ತೊಳೆದಳು. ಅನ್ನದ ಜೊತೆ ಬೆರಳಲ್ಲೇ ನುರಿದಳು. ವಾಕರಿಕೆ ಬಂದಾಗೆಲ್ಲ ಮುಖ ಕೆರೆಯ ಕಡೆ ತಿರುಗಿಸಿ, ತಡೆದುಕೊಂಡು, ಮತ್ತೆ ತುತ್ತು ಮಾಡಿ ಗಂಡನ ಬಾಯಿಗಿಟ್ಟಳು. ಭಾವ ಐದು ತುತ್ತು ನುಂಗಿದರು. ಆರನೆಯದಕ್ಕೆ ಬಾಯಿ ಒರೆಸಿದ ಕರ್ಚೀಫಿನಲ್ಲಿ ರಕ್ತ ಕಾಣಿಸಿತು.

"ಚೆನ್ನಾಗಿತ್ತಾ?" ಎಂದಳು.

ಭಾವ ಹೌದೆಂದು ತಲೆಯಾಡಿಸಿದರು.

ಅವಳು ಕೈ ತೊಳೆಯಲು ಹೋಗಿ ಸೋಪು ಹಾಕಿ ಉಜ್ಜುತ್ತಲೇ ಇದ್ದಳು. ಭಾವ ನನ್ನ ತೋಳು ಹಿಡಿದು, "ರುಚಿ ಏನೂ ಗೊತ್ತಾಗ್ಲಿಲ್ಲ ಕಣೋ. ಬಿಸಿ ಅಷ್ಟೇ. ಅವಳಿಗೆ ಹೇಳ್ಬೇಡ," ಎಂದರು.

ಆಪರೇಷನ್ ಆಯಿತು. ಆಮೇಲೆ ಏಳು ತಿಂಗಳು ಮೂಗಿನ ನಳಿಕೆಯಲ್ಲಿ ರಾಗಿ ಗಂಜಿ. ಗಂಜಿ ಸೋಸಿ, ಆರಿಸಿ, ಹೊತ್ತುಹೊತ್ತಿಗೆ ಹಾಕಿದವಳು ಅಕ್ಕನೇ. ಒಂದು ಬೆಳಿಗ್ಗೆ ಗಂಜಿ ತಂದಾಗ ಭಾವ ಹೋಗಿಬಿಟ್ಟಿದ್ದರು.

ಕಾರ್ಯಗಳೆಲ್ಲ ಮುಗಿದು ನೆಂಟರು ಹೊರಟ ಮೇಲೆ ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿದಳು.

"ನಿಜ ಹೇಳು. ಅವತ್ತು ಅವರಿಗೆ ರುಚಿ ಹತ್ತಿತ್ತಾ?"

"ಹತ್ತಿತ್ತಕ್ಕ," ಎಂದೆ.

ನನ್ನ ಮುಖ ನೋಡಿ ಒಳಗೆ ಹೋದಳು. ನಂಬಿದಳೋ ಇಲ್ಲವೋ, ಇವತ್ತಿಗೂ ನನಗೆ ತಿಳಿಯದು.