ಬಿಸಿಯಾಗಿದ್ದ ಮುಂಗಾಲು

ಆ ಬೆಳಿಗ್ಗೆ ಕುದುರೆಯ ಎಡ ಮುಂಗಾಲು ಬಿಸಿಯಾಗಿತ್ತು. ನಾನು ಅದನ್ನು ಯಾರಿಗೂ ಹೇಳಲಿಲ್ಲ. ಹೇಳುವುದೇ ನನ್ನ ಕೆಲಸವಾಗಿತ್ತು.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನನ್ನ ಅಣ್ಣನೂ ನಾನೂ ವರ್ಜೀನಿಯಾದ ಒಂದು ಕುದುರೆ ಲಾಯದಲ್ಲಿದ್ದೆವು. ನಮ್ಮಪ್ಪ ಮೈಸೂರಿನ ರೇಸ್ ಕೋರ್ಸಿನಲ್ಲಿ ಸೈಸರಾಗಿದ್ದರು, ಕುದುರೆಗಳ ಮೈ ತಿಕ್ಕಿ ಮೇವು ಹಾಕುವ ಕೆಲಸ. ಅಣ್ಣ ಅಲ್ಲಿಯೇ ಸವಾರಿ ಕಲಿತ. ಕುದುರೆ ನೋಡಲು ಬಂದಿದ್ದ ಅಮೆರಿಕದ ಒಬ್ಬರು ಅವನನ್ನು ಮೆಚ್ಚಿ ಕರೆದುಕೊಂಡು ಹೋದರು. ಅಪ್ಪ ತೀರಿಕೊಂಡ ಮೇಲೆ ಅವನು ತಂಗಿಯಾದ ನನ್ನನ್ನೂ ಕರೆಸಿಕೊಂಡ. ನಾನು ಓದಿದ್ದು ಐದನೇ ಕ್ಲಾಸಿನವರೆಗೆ. ಕುದುರೆಗಳು ಅದನ್ನು ವಿಚಾರಿಸಲಿಲ್ಲ.

ಅಲ್ಲಿನ ರೇಸು ಮೈಸೂರಿನ ಹಾಗಲ್ಲ. ಹುಲ್ಲಿನ ಮೇಲೆ ಓಡುತ್ತ, ಎದೆಯೆತ್ತರದ ಬೇಲಿಗಳನ್ನು ಹಾರಬೇಕು. ಚಳಿಗಾಲವಿಡೀ ಸೌತ್ ಕೆರೊಲಿನಾದ ಮರಳು ನೆಲದಲ್ಲಿ ತಾಲೀಮು ನಡೆಯುತ್ತಿತ್ತು. ವಸಂತ ಬಂದರೆ ಅಲ್ಲಿಂದ ಅಟ್ಲಾಂಟಾ, ಆಮೇಲೆ ಉತ್ತರಕ್ಕೆ ವರ್ಜೀನಿಯಾ, ಮೇರಿಲ್ಯಾಂಡ್. ಕುದುರೆ ವ್ಯಾನಿನ ಹಿಂದೆ ನಾವೂ ಸುತ್ತುತ್ತಿದ್ದೆವು.

ನಮ್ಮ ಲಾಯದಲ್ಲಿ ಒಂದು ಮುದಿ ಬೂದುಬಣ್ಣದ ಕುದುರೆ ಇತ್ತು. ಒಂದು ಕಾಲದ ಚಾಂಪಿಯನ್. ರೇಸು ಬಿಟ್ಟು ಬಹಳ ವರ್ಷವಾಗಿದ್ದರೂ ಅದನ್ನು ನೋಡಲು ಜನ ದೂರದಿಂದ ಬಂದು ಟೋಪಿ ತೆಗೆದು ನಿಲ್ಲುತ್ತಿದ್ದರು. ಮಧ್ಯಾಹ್ನವಾದರೆ ತನ್ನ ಹುಲ್ಲುಗಾವಲಿನ ಬೇಲಿ ಹಾರಿ ಅಡುಗೆಮನೆಯ ಬಾಗಿಲಿಗೆ ಬಂದು ಸೇಬು ತಿಂದು, ಮತ್ತೆ ಹಾರಿ ಒಳಗೆ ಹೋಗುತ್ತಿತ್ತು. ಗೇಟು ಇರುವುದು ಬೇರೆ ಕುದುರೆಗಳಿಗೆ ಎಂದು ಅದು ತಿಳಿದಿದ್ದಂತಿತ್ತು.

ಆಗಿನ ಒಬ್ಬ ದೊಡ್ಡ ಜಾಕಿ ನಮ್ಮ ಕುದುರೆಗಳನ್ನೇ ಓಡಿಸುತ್ತಿದ್ದ. ಜಾಕಿಗೆ ಇರಬಾರದಷ್ಟು ಉದ್ದದ ಮನುಷ್ಯ. ರೇಸಿನ ದಿನ ಬಾಯಾರಿದರೆ ಐಸು ಚೀಪುತ್ತಿದ್ದ, ನೀರು ಕುಡಿಯುತ್ತಿರಲಿಲ್ಲ. ಬಿದ್ದಾಗಲೆಲ್ಲ ಎದ್ದು ನಿಂತು, ಕಾರುಗಳ ಹಿಂದೆ ಊಟ ಹರಡಿಕೊಂಡು ಕೂತ ಜನಕ್ಕೆ ನಾಟಕದವರ ಹಾಗೆ ಬಾಗಿ ನಮಸ್ಕರಿಸುತ್ತಿದ್ದ. ಕೆರೊಲಿನಾದಲ್ಲಿ ಒಮ್ಮೆ ಹೀಗೆ ಬಾಗಿದವನು ಮತ್ತೆ ನೆಟ್ಟಗಾಗಲಿಲ್ಲ. ಕತ್ತಿನ ಕೆಳಗಿನ ಮೂಳೆ ಮುರಿದಿತ್ತು. ಹಾಗೆ ಅವನ ಕುದುರೆ ಅಣ್ಣನ ಪಾಲಿಗೆ ಬಂತು. ಬಹಳ ಕಾಲ ಬೆಳಗಿನ ತಾಲೀಮಿಗೆ ಮಾತ್ರ ಕುದುರೆ ಹತ್ತುತ್ತಿದ್ದವನಿಗೆ ಅದು ಸಿಕ್ಕ ಮೊದಲ ಒಳ್ಳೆಯ ಕುದುರೆ, ಕೆಂಪು ಬಣ್ಣದ್ದು.

ಟ್ರೇನರ್ ಒಬ್ಬ ವಯಸ್ಸಾದ ಹೆಂಗಸು. ಹಳೆಯ ಚಾಂಪಿಯನ್ನನ್ನು ತಯಾರು ಮಾಡಿದ್ದೂ ಆಕೆಯೇ. ತನ್ನ ಕುದುರೆ ಓಡುವಾಗ ಆಕೆ ನೋಡುತ್ತಿರಲಿಲ್ಲ. ಬೆನ್ನು ತಿರುಗಿಸಿ ನಿಂತು ಗೊರಸಿನ ಸದ್ದು ಕೇಳುತ್ತಿದ್ದಳು. ಪ್ರತಿ ಬೆಳಿಗ್ಗೆ ನಾನು ಕುದುರೆಗಳ ಕಾಲಿನ ಮೇಲೆ ಅಂಗೈ ಇಳಿಸಿ ನೋಡಬೇಕಿತ್ತು. ಎಲ್ಲಾದರೂ ಬಿಸಿ ಇದ್ದರೆ ಒಳಗೆ ಪೆಟ್ಟಾಗಿದೆ ಎಂದು ಅರ್ಥ, ಆ ಕುದುರೆ ಅಂದು ಓಡುವಂತಿಲ್ಲ. ನಮ್ಮಿಬ್ಬರ ಮಾತು ಕೇಳಿ ಕೇಳಿ ಆಕೆ ಕನ್ನಡದ ಒಂದೇ ಒಂದು ಪದ ಕಲಿತಿದ್ದಳು. ಕಾಫಿ ಹಿಡಿದು ಬಂದು ನಿಂತು, "ಟನ್ನಗೆ?" ಎನ್ನುತ್ತಿದ್ದಳು. ನಾನು "ತಣ್ಣಗೆ" ಎಂದರೆ ಮುಂದಿನ ಕುದುರೆಗೆ ಹೋಗುತ್ತಿದ್ದಳು. ಬಗ್ಗಿ ತಾನೇ ಮುಟ್ಟಿ ನೋಡಿದ್ದು ನನಗೆ ನೆನಪಿಲ್ಲ.

ಅಟ್ಲಾಂಟಾ ರೇಸಿನ ಬೆಳಿಗ್ಗೆ ಕೆಂಪು ಕುದುರೆಯ ಎಡ ಮುಂಗಾಲಿನ ಮೊಣಕಾಲಿನ ಕೆಳಗೆ ನನ್ನ ಅಂಗೈಗೆ ಬಿಸಿ ತಗುಲಿತು. ಬಲಗಾಲು ಮುಟ್ಟಿದೆ, ಮತ್ತೆ ಎಡಗಾಲು ಮುಟ್ಟಿದೆ. ಅಷ್ಟರಲ್ಲಿ ಅಣ್ಣ ಬಂದ. ಬಿಳಿ ಪ್ಯಾಂಟು ಆಗಲೇ ಹಾಕಿಕೊಂಡಿದ್ದ.

"ಏನೇ, ಪಾದಪೂಜೆ ಮಾಡ್ತಿದೀಯಾ?"

"ಅಣ್ಣ, ಇಲ್ಲಿ ಸ್ವಲ್ಪ..."

"ಶ್! ಹೊರಟಿದೀನಿ ಕಣೇ, ಅಪಶಕುನ ನುಡೀಬೇಡ. ಗೆದ್ದು ಬರ್ತೀನಿ, ಆಮೇಲೆ ಎಷ್ಟು ಬೇಕಾದ್ರೂ ಬೈಯ್ಕೋ."

ನಮ್ಮ ಮನೆಯಲ್ಲಿ ಅದು ನಿಯಮ. ರೇಸಿಗೆ ಹೊರಟವರ ಮುಂದೆ 'ಬೇಡ' ಅನ್ನಬಾರದು, 'ಎಲ್ಲಿಗೆ' ಅಂತಲೂ ಕೇಳಬಾರದು. ಅಪ್ಪ ಇದಕ್ಕಾಗಿ ನಮ್ಮ ಬಾಯಿಗೆ ಹೊಡೆದದ್ದುಂಟು. ಆದ್ದರಿಂದ ಸುಮ್ಮನಾದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ಅಣ್ಣ ಶಿಳ್ಳೆ ಹಾಕುತ್ತ ಆಚೆ ಹೋದ ಮೇಲೆ ಟ್ರೇನರ್ ಬಂದಳು. ಅವಳಿಗೆ ಶಕುನದ ಕಾಟವಿರಲಿಲ್ಲ.

"ಟನ್ನಗೆ?"

"ತಣ್ಣಗೆ" ಎಂದೆ.

ಅಣ್ಣ ಆ ಕುದುರೆಯ ಮೇಲೆ ಕೂರುವುದನ್ನು ನೋಡುವ ಆಸೆ ನನಗೆ, ಅಷ್ಟೆ.

ಕೊನೆಯ ಬೇಲಿಯವರೆಗೂ ಅವನೇ ಮುಂದಿದ್ದ. ಬೇಲಿ ಇನ್ನೂ ದೂರವಿರುವಾಗಲೇ ಕುದುರೆಯನ್ನು ಹಾರಿಸಿದ. ಇಳಿದಾಗ ಅದರ ಎಡ ಮುಂಗಾಲು ಮುರಿಯಿತು. ಬೆನ್ನು ಮಾಡಿ ನಿಂತಿದ್ದ ಟ್ರೇನರ್ ಸದ್ದು ಕೇಳಿ ತಿರುಗಿದಳು. ಕುದುರೆಯ ಸುತ್ತ ಪರದೆ ಹಿಡಿದರು. ಕುದುರೆ ಡಾಕ್ಟರು ಒಳಗೆ ಹೋಗಿ ಅದಕ್ಕೆ ಕೊನೆಯ ಸೂಜಿ ಚುಚ್ಚಿ ಬಂದ ಮೇಲೆ ಪರದೆ ತೆಗೆದರು. ಅಣ್ಣನ ಭುಜ ಮುರಿದಿತ್ತು.

ಆಸ್ಪತ್ರೆಯಲ್ಲಿ ಟ್ರೇನರ್ ಮುಂದೆ ಅವನು ಅತ್ತ. "ನಂದೇ ತಪ್ಪು. ಅದಕ್ಕೆ ಸುಸ್ತಾಗಿತ್ತು, ನಾನು ಹಾರು ಅಂದೆ." ಇದು ಆಗುವಂಥದ್ದೇ ಎಂದು ಆಕೆ ಹೇಳಿದಳು. ನಾನು ಅವನ ತಲೆದಿಂಬು ಸರಿಮಾಡಿದೆ.

ಆ ಬಿಸಿಯಿಂದಲೇ ಕಾಲು ಮುರಿಯಿತೋ ಇಲ್ಲವೋ, ನಾನು ಹೇಳಲಾರೆ. ಹೇಳಿದ್ದರೆ ಕುದುರೆ ಅಂದು ಓಡುತ್ತಿರಲಿಲ್ಲ. ಭುಜ ವಾಸಿಯಾಯಿತು, ಆದರೆ ಅಣ್ಣ ಮತ್ತೆ ಬೇಲಿ ಹಾರಲಿಲ್ಲ. ಕುದುರೆ ವ್ಯಾನು ಓಡಿಸತೊಡಗಿದ. ಕೆಲವು ವರ್ಷದಲ್ಲಿ ಟ್ರೇನರ್ ಲಾಯ ಮುಚ್ಚಿದಳು. ಬೂದು ಕುದುರೆ ಅದಕ್ಕೂ ಮೊದಲೇ ಸತ್ತಿತ್ತು.

ಆ ದಶಕದ ಕೊನೆಯಲ್ಲಿ ಒಂದು ಯುಗಾದಿಗೆ ಮೇರಿಲ್ಯಾಂಡಿನ ರಾಕ್‌ವಿಲ್‌ನಲ್ಲಿದ್ದ ಮೈಸೂರು ಕಡೆಯ ಕುಟುಂಬವೊಂದು ನಮ್ಮನ್ನು ಊಟಕ್ಕೆ ಕರೆಯಿತು. ಮನೆಯ ಯಜಮಾನರಿಗೆ ಕುದುರೆ ಎಂದರೆ ಹುಚ್ಚು.

"ಕಾಲೇಜ್ ಬಂಕ್ ಮಾಡಿ ರೇಸ್ ಕೋರ್ಸ್ ಕಾಂಪೌಂಡ್ ಮೇಲೆ ಕೂರ್ತಿದ್ದೆ ಕಣ್ರೀ!"

"ಹಾಗಾದ್ರೆ ನಮ್ಮಪ್ಪ ಗದರಿಸಿ ಇಳಿಸ್ತಿದ್ದದ್ದು ನಿಮ್ಮನ್ನೇ ಇರ್ಬೇಕು ಸಾರ್," ಎಂದ ಅಣ್ಣ.

ಎಲ್ಲರೂ ನಕ್ಕರು. ಅಣ್ಣ ಬೂದು ಕುದುರೆಯ ಕತೆ ಹೇಳಿದ, ಉದ್ದ ಜಾಕಿಯ ಹಾಗೆ ಎದ್ದು ಬಾಗಿ ತೋರಿಸಿದ. ಅವರ ಪುಟ್ಟ ಮಗಳು ಕೇಳಿದಳು, "ಅಂಕಲ್, ನೀವು ವಿನ್ ಮಾಡಿದ್ರಾ, ಎವರ್?"

"ನನ್ನ ಬಿಡಮ್ಮ," ಎಂದ. "ನಾನೊಂದು ಒಳ್ಳೆ ಕುದುರೆನ ಕೊಂದವನು."

ಮನೆಯಾಕೆ ಅವನ ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿದರು. ನಾನು ತಲೆ ಎತ್ತಲಿಲ್ಲ. ಎಷ್ಟೋ ಜನರ ಮುಂದೆ ಅವನು ಹೀಗೆ ಹೇಳಿದ್ದ, ಆದರೆ ಮಗುವಿನ ಮುಂದೆ ಹೇಳಿದ್ದು ಅದೇ ಮೊದಲು.

ವಾಪಸು ಬರುವಾಗ ಅಣ್ಣ ಪೆಟ್ರೋಲ್ ಹಾಕಲು ಕಾರು ನಿಲ್ಲಿಸಿದ. ನಾನೂ ಇಳಿದೆ.

"ಅಣ್ಣ, ಅವತ್ತು ಬೆಳಿಗ್ಗೆ ಅದರ ಕಾಲು ಬಿಸಿ ಇತ್ತು."

"ಯಾವತ್ತು?" ಎಂದವನು ನನ್ನ ಮುಖ ನೋಡಿ ಪೈಪನ್ನು ಪಂಪಿಗೆ ಸಿಕ್ಕಿಸಿದ. "ಎಡಗಾಲಾ?"

"ಹೂಂ."

"ಆ ಮುದುಕಿ ಕೇಳ್ಲಿಲ್ವಾ?"

"ಕೇಳಿದ್ರು. ಸುಳ್ಳು ಹೇಳ್ದೆ. ನೀನು ಹತ್ತಲಿ ಅಂತ."

ಹಿಂದಿನ ಕಾರಿನವನು ಹಾರ್ನ್ ಹೊಡೆದ. ಅಣ್ಣ ಅಲುಗಲಿಲ್ಲ.

"ನಾನು ಕೊಂದೆ ಕೊಂದೆ ಅಂತ ಊರೆಲ್ಲ ಹೇಳ್ಕೊಂಡು ಬಂದೆ. ನೀನು ಪಕ್ಕದಲ್ಲೇ ಕೂತು ಕೇಳ್ತಿದ್ಯಲ್ಲೇ."

"ಕೇಳ್ತಿದ್ದೆ. ನೀನು ಕೊಂದಿಲ್ಲ ಅಣ್ಣ. ನಾನು ಬಾಯಿ ಬಿಡ್ಲಿಲ್ಲ, ಇಷ್ಟು ವರ್ಷನೂ ಬಿಡ್ಲಿಲ್ಲ. ನಂದು ತಪ್ಪಾಯ್ತು."